ಹದಿನಾಲ್ಕು ತಾಸು ಐವತ್ತು ನಿಮಿಷ

ಔರಾದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸಿದ್ದೇಶ್ವರನಿಗೆ ಗಂಟೆ ಎಷ್ಟಾಯಿತು ಎಂದು ಕೇಳಿದರೆ ಅವನು ಹತ್ತೂಕಾಲು ಎಂದು ಹೇಳುವವನಲ್ಲ. ಹತ್ತು ಹದಿಮೂರು ಎನ್ನುತ್ತಿದ್ದ. ಬೀದರಿನ ಚಿದ್ರಿಯಲ್ಲಿ ಮನೆ, ಔರಾದದಲ್ಲಿ ನೌಕರಿ. ನಡುವಿನ ಬಸ್ಸು ಎಲ್ಲೆಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಸಂತಪುರದಲ್ಲಿ ಕಂಡಕ್ಟರ್ ಚಹಾಕ್ಕಿಳಿದರೆ ಎಷ್ಟು ತಡ, ಇಳಿಯದಿದ್ದರೆ ಎಷ್ಟು ಉಳಿತಾಯ, ಎಲ್ಲವೂ ಅವನ ಬಾಯಲ್ಲಿತ್ತು. ಚಿದ್ರಿಯ ಮಂದಿಗೆ ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಗುಡುಗುವುದು ದಿನನಿತ್ಯದ ಮಾತು. ಯಾರೂ ಕತ್ತೆತ್ತಿ ನೋಡುವುದಿಲ್ಲ. ಸಿದ್ದೇಶ್ವರ ಮಾತ್ರ ಅಂಗಳದಲ್ಲಿ ನಿಂತು, ವಿಮಾನ ಕಂಡ ಎಷ್ಟು ಸೆಕೆಂಡಿಗೆ ಸದ್ದು ಬಂತು ಎಂದು ಎಣಿಸಿ, ಅದು ಎಷ್ಟು ದೂರದಲ್ಲಿದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ಕೇಳಿರುತ್ತಿರಲಿಲ್ಲ. ಆದರೂ ಹೇಳುತ್ತಿದ್ದ.

ಇಂಥವನೊಬ್ಬ ಬಳಗದಲ್ಲಿದ್ದರೆ ಉಳಿದವರಿಗೆ ತಲೆಬಿಸಿ ಕಡಿಮೆ. ಮದುವೆಗೆ ಎಷ್ಟು ಅಕ್ಕಿ ಹಾಕಬೇಕು, ಇಂತಿಷ್ಟು ಹೊಲಕ್ಕೆ ಎಷ್ಟು ಬೀಜ ಬೇಕು, ಹೈದರಾಬಾದಿನ ಆಸ್ಪತ್ರೆಗೆ ಹತ್ತು ಗಂಟೆಗೆ ಮುಟ್ಟಲು ಮನೆಯಿಂದ ಎಷ್ಟಕ್ಕೆ ಹೊರಡಬೇಕು ಎಂದು ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಕೇಳಲಿ ಎಂದು ಅವನೂ ಕಾದೇ ಇರುತ್ತಿದ್ದ. ತಪ್ಪಿದ್ದು ಅಪರೂಪ. ಕಡೆಗೆ ಮುಳುವಾದದ್ದು ಅದೇ, ಯಾಕೆಂದರೆ ಅವನ ಮಾತನ್ನು ಎರಡನೇ ಸಲ ಕೇಳಿ ನೋಡುವ ರೂಢಿ ಯಾರಿಗೂ ಉಳಿದಿರಲಿಲ್ಲ.

ಜನವರಿಯ ಒಂದು ಮಂಗಳವಾರ ಬೆಳಗಿನ ಐದು ಗಂಟೆಗೆ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಿಂದ ಫೋನು ಬಂತು. ಅವನ ಅಕ್ಕ ಗುಂಡಮ್ಮ ತೀರಿಕೊಂಡಿದ್ದಳು. ಹಿಂದಿನ ದಿನ ತೊಗರಿ ರಾಶಿಯ ಕಣದಲ್ಲಿ ನಿಂತು ಆಳುಗಳಿಗೆಲ್ಲ ಬುತ್ತಿ ಹಂಚಿದ ಹೆಂಗಸು, ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತು ನೀರು ಕೇಳಿದಳಂತೆ. ನೀರು ತರುವುದರೊಳಗೆ ಮುಗಿದಿತ್ತು. ಅವಳಿಗೆ ಅರವತ್ತು, ಸಿದ್ದೇಶ್ವರನಿಗೆ ನಲವತ್ತೆಂಟು. ತಾಯಿ ಹೋದಾಗ ಅವನು ಐದರ ಹುಡುಗ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಕ್ಕ. ಮಗ್ಗಿ ಕಲಿಸಿದ್ದೂ ಅವಳೇ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ.

ಫೋನಿನಲ್ಲಿ ಭಾವ ಮಲ್ಲಿಕಾರ್ಜುನಪ್ಪ ಹೆಚ್ಚು ಮಾತಾಡಲಿಲ್ಲ. "ಐಶೂಗ ನೀನೇ ಹೇಳು ಸಿದ್ದು. ನನ್ನ ಬಾಯಿಂದ ಆಗಂಗಿಲ್ಲ" ಎಂದ.

ಐಶ್ವರ್ಯಾ ಅವರ ಒಬ್ಬಳೇ ಮಗಳು. ಬೀದರಿನಲ್ಲೇ ಪಶುವೈದ್ಯಕೀಯ ಓದಿ, ಎರಡು ವರ್ಷದ ಹಿಂದೆ ನ್ಯೂಜಿಲೆಂಡಿಗೆ ಹೋಗಿದ್ದಳು. ಆಕ್ಲೆಂಡಿನಿಂದ ಎರಡೂವರೆ ತಾಸಿನ ದಾರಿಯ ಹಾಲಿನ ಸೀಮೆಯಲ್ಲಿ ದನಗಳ ಡಾಕ್ಟರು. ಸಿದ್ದೇಶ್ವರ ಫೋನು ಮಾಡಿದಾಗ ಅಲ್ಲಿ ಮಧ್ಯಾಹ್ನ ಹನ್ನೆರಡೂ ಐವತ್ತು. ಹಿಂದೆ ಎಲ್ಲೋ ಆಕಳುಗಳು ಒದರುತ್ತಿದ್ದವು. ಅವನು ಹೇಳಿದ್ದನ್ನು ಕೇಳಿ ಅವಳು ಕೂಗಿ ಅಳಲಿಲ್ಲ.

"ಮಾಮಾ, ನಾ ಈಗೇ ಹೊರಡ್ತೇನಿ. ಯಾವ ವಿಮಾನ ಸಿಗ್ತದ ಅದು ಹತ್ತತೇನಿ. ಅವ್ವನ ಮಾರಿ ಒಂದು ಸಲ ನೋಡ್ಬೇಕು ನನಗ. ನಾ ಬರೂತನ ಮಣ್ಣು ಮಾಡಬ್ಯಾಡ್ರಿ."

"ಮಾಡಂಗಿಲ್ಲ ಐಶು. ನೀ ಬಾ. ನಾ ಇದ್ದೇನಿ ಇಲ್ಲಿ."

ಹೀಗೆ ಮಾತು ಕೊಟ್ಟು ಸಿದ್ದೇಶ್ವರ ಹೆಂಡತಿಯ ಜೊತೆ ಬಾಡಿಗೆ ಕಾರು ಹತ್ತಿದ. ದಾರಿಯುದ್ದಕ್ಕೂ ಅವಳು ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಅವನು ಫೋನಿನಲ್ಲಿ ಆಕ್ಲೆಂಡ್, ಹೈದರಾಬಾದ್ ಎಂದು ಎರಡು ಊರಿನ ಹೆಸರು ಒತ್ತಿದ. ಒಂದು ಪುಟ ತೆರೆಯಿತು. ನಡುವೆ ಸಮುದ್ರದ ಮೇಲೆ ಬಾಗಿದ ಒಂದು ಗೆರೆ. ದೂರ, ಹನ್ನೊಂದು ಸಾವಿರದ ಏಳುನೂರ ಐದು ಕಿಲೋಮೀಟರ್. ಹಾರಾಟದ ಅವಧಿ, ಹದಿನಾಲ್ಕು ತಾಸು ಐವತ್ತು ನಿಮಿಷ. ಇವನು ಸುಮ್ಮನೆ ನಂಬುವ ಆಳೇ? ತಾಸಿಗೆ ಎಂಟುನೂರ ಐವತ್ತರ ವೇಗ ಹಿಡಿದು ಮನಸ್ಸಿನಲ್ಲೇ ಭಾಗಿಸಿದ. ಹದಿಮೂರು ತಾಸು ನಲವತ್ತಾರು ನಿಮಿಷ ಬಂತು. ಏರುವುದಕ್ಕೂ ಇಳಿಯುವುದಕ್ಕೂ ಒಂದು ತಾಸು ಸೇರಿಸಿದ. ನಾಲ್ಕೇ ನಿಮಿಷದ ಫರಕು. ಲೆಕ್ಕ ತಾಳೆಯಾಯಿತು ಎಂದು ಫೋನು ಜೇಬಿಗಿಟ್ಟ. ಆ ದುಃಖದಲ್ಲೂ ಅವನಿಗೆ ಕಾಲ ಕೆಳಗೆ ಒಂದಿಷ್ಟು ಗಟ್ಟಿ ನೆಲ ಸಿಕ್ಕಂತಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ಏಳೂವರೆಗೆ ಅವರು ಮುಟ್ಟಿದಾಗ ಪಡಸಾಲೆಯಲ್ಲಿ ಅಕ್ಕನನ್ನು ಇನ್ನೂ ಚಾಪೆಯ ಮೇಲೆಯೇ ಮಲಗಿಸಿದ್ದರು. ಅಂಗಳದ ತುಂಬ ಜನ, ಆದರೆ ಕೆಲಸ ನಿಂತಿತ್ತು. ಎಲ್ಲರೂ ಒಂದು ಮಾತಿಗೆ ಕಾಯುತ್ತಿದ್ದರು.

ಮಾತು ಇಷ್ಟೇ. ಲಿಂಗವಂತರಲ್ಲಿ ಸತ್ತವರನ್ನು ಕೂಡಿಸುತ್ತಾರೆ. ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡಿ, ಹಾಗೆ ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ಮೈ ಸೆಟೆಯುವ ಮುಂಚೆ ಇದು ಆಗಬೇಕು. ಸೆಟೆದ ಮೇಲೆ ಮೊಣಕಾಲು ಮಡಿಸಲು ಬರುವುದಿಲ್ಲ. ಕೂಡಿಸಿದ ದೇಹವನ್ನು ಚಳಿಗಾಲದಲ್ಲಿ, ಸುತ್ತ ಐಸ್ ಇಟ್ಟು, ಮರುದಿನ ಮಧ್ಯಾಹ್ನದವರೆಗೆ ತಡೆಯಬಹುದು. ಅದಕ್ಕಿಂತ ಹೆಚ್ಚಿಗೆ ತಡೆಯಬೇಕಾದರೆ ಭಾಲ್ಕಿಯಿಂದ ಫ್ರೀಜರ್ ಪೆಟ್ಟಿಗೆ ತರಿಸಬೇಕು. ಪೆಟ್ಟಿಗೆಯಲ್ಲಿ ಮೂರು ದಿನ ಬೇಕಾದರೂ ಇಡಬಹುದು, ಆದರೆ ಅದು ಮಲಗಿಸುವ ಪೆಟ್ಟಿಗೆ. ಒಮ್ಮೆ ಮಲಗಿಸಿದರೆ ಮುಗಿಯಿತು, ಮಣ್ಣಿಗೂ ಮಲಗಿಸಿಯೇ ಇಡಬೇಕು.

"ಈಗ ಇನ್ನ ಕೈಕಾಲು ಮಾತು ಕೇಳ್ತಾವ" ಎಂದರು ಪೂಜೆಗೆ ಬಂದಿದ್ದ ಜಂಗಮರು, ರೇವಣಯ್ಯ ಸ್ವಾಮಿಗಳು. "ಹತ್ತರ ಮ್ಯಾಲ ಕೇಳಂಗಿಲ್ಲ. ದೂರದ ಮಕ್ಕಳ ಸಲುವಾಗಿ ಪೆಟ್ಟಿಗ್ಯಾಗ ಮಲಗಿಸಿದವ್ರೂ ಇದ್ದಾರ. ತಪ್ಪು ಅಂತ ನಾ ಹೇಳಂಗಿಲ್ಲ. ಆದ್ರ ಗುಂಡಮ್ಮಾಯಿ ಲಿಂಗಪೂಜಿ ಒಂದು ದಿನ ಬಿಟ್ಟಾಕಿ ಅಲ್ಲ. ಕುಂದರ್ಸೂದು ಆದ್ರ ಭಾಳ ಚೊಲೊ."

ಬಾಜೂ ಮನೆಯ ಆಮ್ರಪಾಲಿ ಬಾಗಿಲ ಹತ್ತಿರ ನಿಂತಿದ್ದಳು. ಸರಕಾರಿ ದವಾಖಾನೆಯ ನರ್ಸಾಗಿ ರಿಟೈರಾದವಳು, ಗುಂಡಮ್ಮನ ಮೂವತ್ತು ವರ್ಷದ ಗೆಳತಿ. ಐಶ್ವರ್ಯಾ ಹುಟ್ಟಿದ್ದು ಅವಳ ಕೈಯಲ್ಲೇ. ಅವಳು ಮೆಲ್ಲಗೆ ಹೇಳಿದಳು, "ಪೆಟ್ಟಿಗಿ ತರಿಸ್ರಿ ಅಣ್ಣಾರ. ಹುಡುಗಿ ಭಾಳ ದೂರದಿಂದ ಬರ್ಬೇಕು."

ಮಲ್ಲಿಕಾರ್ಜುನಪ್ಪ ಮೈದುನನ ಮುಖ ನೋಡಿದ. "ಸಿದ್ದು, ಎಷ್ಟೊತ್ತಿಗಿ ಬರ್ತಾಳ ಆಕಿ?"

ಸಿದ್ದೇಶ್ವರ ಗಡಿಯಾರ ನೋಡಿಕೊಂಡ. ಅಲ್ಲಿಯ ಸಂಜೆ ಏಳರ ವಿಮಾನ ಎಂದು ಹಿಡಿದರೆ ನಮ್ಮ ಹನ್ನೊಂದೂವರೆ, ಅದಕ್ಕೆ ಹದಿನಾಲ್ಕು ಐವತ್ತು ಸೇರಿಸಿದರೆ ರಾತ್ರಿ ಎರಡು ಇಪ್ಪತ್ತಕ್ಕೆ ಹೈದರಾಬಾದು, ಹೊರಗೆ ಬರಲು ಒಂದು ತಾಸು, ರಸ್ತೆಯಲ್ಲಿ ನಾಲ್ಕು ತಾಸು ಎಂದು ಎಲ್ಲರೆದುರಿಗೆ ಬೆರಳು ಮಡಿಸುತ್ತ ಹೇಳಿದ. "ನಾಳಿ ಮುಂಜಾನಿ ಏಳು ಇಪ್ಪತ್ತಕ್ಕ ಇಲ್ಲಿರ್ತಾಳ ಭಾವ. ಒಂದು ತಾಸು ಹಿಂದ ಮುಂದ ಹಿಡೀರಿ."

"ನಮ್ಮ ಹುಡುಗ ಸಂಘಪಾಲ ಜಪಾನದಿಂದ ಬಂದಾಗ ಎರಡು ದಿನ ಹಿಡದಿತ್ರಿ ಮಾಸ್ತರ" ಎಂದಳು ಆಮ್ರಪಾಲಿ. "ಇದು ಅದಕ್ಕಿಂತ ದೂರ ಅಲ್ಲೇನ್ರಿ?"

"ಅವ ಎಲ್ಲೆಲ್ಲೋ ಸುತ್ತಿ ಬಂದಿರ್ಬೇಕ್ರಿ ಸಿಸ್ಟರ್. ಇದು ದೂರಕ್ಕ ವೇಗದಿಂದ ಭಾಗಿಸಿ ತಾಳಿ ನೋಡಿದ ಲೆಕ್ಕ."

ಮಲ್ಲಿಕಾರ್ಜುನಪ್ಪ ಇನ್ನೊಮ್ಮೆ ಕೇಳಿದ, "ಹುಡುಗೀಗೇ ಒಂದು ಫೋನ್ ಹಚ್ಚಿ ಕೇಳ್ತೀಯೇನು?"

"ಗಾಡಿ ನಡಸ್ಲತ್ತಿರ್ತಾಳ ಭಾವ. ಆ ಸಂಕಟದಾಗ ಆಕೀಗ್ಯಾಕ ತ್ರಾಸು. ಇದು ಸೀದಾ ಲೆಕ್ಕ ಅದ."

ಎಂಟೂವರೆಗೆ ಗುಂಡಮ್ಮನನ್ನು ಕೂಡಿಸಿದರು. ಮೊಣಕಾಲು ಮಡಿಸುವಾಗ ಬೆನ್ನಿಗೆ ಕೈಯಾನಿಸಿ ಹಿಡಿದವನು ಸಿದ್ದೇಶ್ವರನೇ. ಹಸಿರು ಇಳಕಲ್ ಸೀರೆ ಉಡಿಸಿದರು. ವಿಭೂತಿ ಹಚ್ಚಿದ ಮೇಲೆ ಅವಳ ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ರೇವಣಯ್ಯನವರು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದರು. ಸರಿಯಾದದ್ದನ್ನು ಮಾಡಿದೆವು ಎಂದು ಅಂಗಳದ ಮಂದಿಯೆಲ್ಲ ಸಮಾಧಾನಪಟ್ಟರು.

ಹನ್ನೊಂದೂ ನಲವತ್ತಕ್ಕೆ ಸಿದ್ದೇಶ್ವರನ ಫೋನಿಗೆ ಐಶ್ವರ್ಯಾಳ ಮೆಸೇಜು ಬಂತು. ಅವನು ಕಟ್ಟೆಯ ಮೇಲೆ ಕೂತು ಓದಿದ.

"ಮಾಮಾ, ಟಿಕೆಟ್ ಸಿಕ್ತು. ಇಲ್ಲಿಂದ ರಾತ್ರಿ 11.55. ಸಿಂಗಾಪುರದಾಗ ಹದಿನಾಲ್ಕೂವರಿ ತಾಸು ಕುಂದರ್ಬೇಕು. ಹೈದರಾಬಾದ್ ನಾಳಿ ರಾತ್ರಿ 10.10. ಮನಿಗಿ ಗುರುವಾರ ನಸಕಿನ್ಯಾಗ. ಇದಕ್ಕಿಂತ ಜಲ್ದಿ ಯಾವುದೂ ಇಲ್ಲ, ಎಲ್ಲಾ ನೋಡಿದೆ. ಪೆಟ್ಟಿಗಿ ತರಿಸೀರಲ್ಲ?"

ಮೂರು ಸಲ ಓದಿದ. ಪ್ರತಿ ಸಲವೂ ಗುರುವಾರವೇ ಇತ್ತು. ಇಡೀ ಪ್ರಯಾಣಕ್ಕೆ ಅವನು ಎಷ್ಟು ಹೊತ್ತು ಹೇಳಿದ್ದನೋ, ಹೆಚ್ಚುಕಡಿಮೆ ಅಷ್ಟು ಹೊತ್ತು ಅವಳು ಸಿಂಗಾಪುರದ ಒಂದು ಕುರ್ಚಿಯ ಮೇಲೆಯೇ ಕೂತಿರಬೇಕಿತ್ತು. ಪಡಸಾಲೆಯಲ್ಲಿ ಭಜನೆ ನಡೆದಿತ್ತು. ಮಲ್ಲಿಕಾರ್ಜುನಪ್ಪ ಹೆಂಡತಿಯ ಎದುರಿಗೆ ಕೂತು, ತಾನೂ ಪದ್ಮಾಸನ ಹಾಕಿಕೊಂಡು, ಕಣ್ಣು ಮುಚ್ಚಿದ್ದ.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಶಾಲೆಯಲ್ಲಿ ಮಕ್ಕಳ ತಪ್ಪಿಗೆ ಕೆಂಪು ಗೆರೆ ಹೊಡೆದು ರೂಢಿಯಾದ ಕೈಗೆ ತನ್ನ ತಪ್ಪು ಕಂಡಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಐಸ್ ತರುತ್ತೇನೆಂದು ಒಬ್ಬರ ಮೋಟಾರ್ ಸೈಕಲ್ ಕೇಳಿ ತೆಗೆದುಕೊಂಡು ಭಾಲ್ಕಿಗೆ ಹೊರಟ.

ಭಾಲ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ಮುರ್ತುಜಾನ ಟ್ರಾವೆಲ್ಸ್ ಅಂಗಡಿ. ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗುವವರ ಟಿಕೆಟು, ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಕಾರು, ಎರಡೂ ಅವನದೇ. ಔರಾದದಲ್ಲಿ ಸಿದ್ದೇಶ್ವರನ ಕೈಯಲ್ಲೇ ಗಣಿತ ಕಲಿತವನು. ಮಾಸ್ತರನನ್ನು ಕಂಡು ಎದ್ದು ನಿಂತ, ಸುದ್ದಿ ಕೇಳಿ ಎರಡು ಒಳ್ಳೆಯ ಮಾತಾಡಿದ, ಆಮೇಲೆ ಕಂಪ್ಯೂಟರಿನ ಮುಂದೆ ಕೂತ. ಸಿಡ್ನಿಯ ಮೇಲೆ ಹಾದು ಬರುವ ವಿಮಾನ ನೋಡಿದ, ಕೌಲಾಲಂಪುರದ ಮೇಲೆ, ದುಬೈ ಮೇಲೆ ನೋಡಿದ. ಕೊನೆಗೆ ಕುರ್ಚಿ ತಿರುಗಿಸಿದ.

"ತಂಗಿ ತಗೊಂಡಿದ್ದೇ ಎಲ್ಲಕ್ಕಿಂತ ಜಲ್ದಿ ಬರೂದು ಅದರಿ ಸರ್. ಉಳದಾವು ಇನ್ನ ತಡ."

ಸಿದ್ದೇಶ್ವರ ತನ್ನ ಫೋನು ತೆಗೆದು ಆ ಪುಟ ತೋರಿಸಿದ. "ಮತ್ತ ಇದು?"

ಮುರ್ತುಜಾ ಅದನ್ನು ನೋಡಿದ ಕೂಡಲೇ ಗುರುತಿಸಿದ. ಬೆರಳಿನಿಂದ ಪುಟವನ್ನು ಮೇಲೆ ಸರಿಸಿ, ಕೆಳಗಿನ ಸಣ್ಣಕ್ಷರ ತೋರಿಸಿದ. "ಎಲ್ಲೂ ಇಳೀದ ಸೀದಾ ಹಾರಿದ್ರ ಇಷ್ಟು ಆಗ್ತದ ಅಂತ ಬರ್ದಾರ್ರಿ. ಸೀದಾ ಹಾರೂ ವಿಮಾನ ಈ ದಾರಿಗಿ ಇಲ್ಲೇ ಇಲ್ಲ. ಇದು ಬರೇ ದೂರದ ಲೆಕ್ಕ ಸರ್, ಟೈಮ್‌ಟೇಬಲ್ ಅಲ್ಲ." ಫೋನು ಹಿಂತಿರುಗಿಸುತ್ತ ಸೇರಿಸಿದ, "ಇಲ್ಲಿ ಬರೋ ಮಂದಿ ದಿನಾ ಇದೇ ತೋರಸ್ತಾರ್ರಿ. ನೀವೂ ತೋರಸ್ತೀರಿ ಅಂತ ನನಗ ಅನಿಸಿದ್ದಿಲ್ಲ."

ಇಪ್ಪತ್ತೆರಡು ವರ್ಷ ಸಿದ್ದೇಶ್ವರ ಮಕ್ಕಳಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು, ಉತ್ತರವನ್ನು ತಾಳೆ ನೋಡಿ. ಅವನು ತಾಳೆ ನೋಡಿಯೇ ಇದ್ದ. ಉತ್ತರ ಸರಿಯಾಗಿಯೇ ಇತ್ತು. ಭಾವ ಕೇಳಿದ ಪ್ರಶ್ನೆ ಬೇರೆಯಾಗಿತ್ತು. ಎರಡು ಊರಿನ ನಡುವೆ ಎಷ್ಟು ದೂರ ಎಂದು ಭಾವ ಕೇಳಿರಲಿಲ್ಲ. ಮಗಳು ಎಷ್ಟೊತ್ತಿಗೆ ಬರುತ್ತಾಳೆ ಎಂದು ಕೇಳಿದ್ದ. ಅದಕ್ಕೆ ಉತ್ತರ ಮಗಳ ಹತ್ತಿರ ಇತ್ತು, ಒಂದು ಫೋನಿನ ದೂರದಲ್ಲಿ.

ಐಸ್ ಗಡ್ಡೆಗಳನ್ನು ಗೋಣಿಯಲ್ಲಿ ಸುತ್ತಿ ಹಿಂದೆ ಕಟ್ಟಿಕೊಂಡು ಅವನು ಊರಿಗೆ ಮರಳಿದಾಗ ಎರಡೂವರೆ. ಭಾವನನ್ನು ಹಿತ್ತಲಿಗೆ ಕರೆದು, ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತು ಎಲ್ಲ ಹೇಳಿದ. ಏನೂ ಉಳಿಸಿಕೊಳ್ಳಲಿಲ್ಲ. ಮಲ್ಲಿಕಾರ್ಜುನಪ್ಪ ಒಂದು ಮಾತಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ರೇವಣಯ್ಯನವರನ್ನು ಕರೆದು, ಈಗ ಪೆಟ್ಟಿಗೆ ತರಿಸಿದರೆ ಹೇಗೆ ಎಂದು ಕೇಳಿದ.

"ಲಿಂಗಪೂಜಿ ಆಗಿ ಕುಂತಾಕಿನ ಮತ್ತ ಎಬ್ಬಿಸಿ ಮಲಗಸೂದು ಇಲ್ಲಪ್ಪ" ಎಂದರು ಸ್ವಾಮಿಗಳು. "ಮಲಗಸ್ತೇನಿ ಅಂದ್ರೂ ಈಗ ಮೈ ಕೇಳಂಗಿಲ್ಲ. ಗುರುವಾರತನ ಹೀಂಗೇ ಇಡ್ಲಿಕ್ಕೂ ಬರಂಗಿಲ್ಲ. ನಾಳಿ ಹನ್ನೆರಡೂವರಿ ಒಳಗ ಎತ್ತಬೇಕು."

ಸ್ವಾಮಿಗಳು ಒಳಗೆ ಹೋದರು. ಮಲ್ಲಿಕಾರ್ಜುನಪ್ಪ ಕೊಟ್ಟಿಗೆಯ ಎಮ್ಮೆಗೆ ಒಂದು ಹಿಡಿ ಮೇವು ಹಾಕಿದ. ಆಮೇಲೆ ಹೇಳಿದ, "ಸಿದ್ದು, ಹುಡುಗೀಗಿ ಇದು ಹೇಳಬ್ಯಾಡ. ಭಾಲ್ಕಿದಾಗ ಪೆಟ್ಟಿಗಿ ಖಾಲಿ ಇದ್ದಿಲ್ಲ ಅಂತ ಹೇಳು. ತಾಯಿ ಅಂತೂ ಹೋದಳು. ಮಾಮಾನ ಮ್ಯಾಲ ಸಿಟ್ಟು ಒಂದು ಆಕಿಗಿ ಯಾಕ ಬೇಕು?"

ಅದು ದೊಡ್ಡ ಮನಸ್ಸಿನ ಮಾತು. ಸಿದ್ಧವಾದ ಸುಳ್ಳೊಂದನ್ನು ಕೈಗೆ ಕೊಟ್ಟು, ಹಿಡಿದುಕೋ ಎಂದಂತಿತ್ತು. ಸಿದ್ದೇಶ್ವರ ತಲೆಯಾಡಿಸಿದ. ಐಶ್ವರ್ಯಾಳ ಪ್ರಶ್ನೆಗೆ ಉತ್ತರವಲ್ಲದ ಉತ್ತರ ಬರೆದು ಕಳಿಸಿದ: ನೀ ಹುಷಾರಾಗಿ ಬಾ, ನಾವೆಲ್ಲ ಇದ್ದೇವಿ. ಅವಳು ವಿಮಾನ ಹತ್ತಿದಳು. ಸಂಜೆ ಆಮ್ರಪಾಲಿಗೂ ಸುದ್ದಿ ತಿಳಿಯಿತು. ನಾನು ಹೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ. ಅವನಿಗೊಂದು ಬಟ್ಟಲು ಚಹಾ ತಂದುಕೊಟ್ಟು ಹೋದಳು. ಅದನ್ನು ಕುಡಿಯುವುದು ಅವನಿಗೆ ಬಹಳ ಕಷ್ಟವಾಯಿತು.

ಬುಧವಾರ ಮುಂಜಾನೆ ಏಳು ದಾಟಿದ ಮೇಲೆ ಸಿಂಗಾಪುರದಿಂದ ಫೋನು ಬಂತು. ಸಿದ್ದೇಶ್ವರ ಅಂಗಳ ದಾಟಿ ಬೇವಿನ ಗಿಡದ ಕೆಳಗೆ ಹೋದ. ವಿಡಿಯೋದಲ್ಲಿ ಐಶ್ವರ್ಯಾಳ ಮುಖ ಬಾತುಕೊಂಡಿತ್ತು, ಕೂದಲು ಕೆದರಿತ್ತು. ಬೆನ್ನಹಿಂದೆ ಹೊಳೆಯುವ ನೆಲ, ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಹೋಗುವ ಮಂದಿ.

"ಮಾಮಾ, ಪೆಟ್ಟಿಗಿ ಬಗ್ಗಿ ನೀವು ಏನೂ ಬರೀಲಿಲ್ಲ. ಅವ್ವನ ಎಲ್ಲಿ ಇಟ್ಟೀರಿ?"

"ಕುಂದರ್ಸೇವಿ ಐಶು."

ಅವಳು ದನದ ಡಾಕ್ಟರು. ಕೂಡಿಸಿದರೆ ಏನು, ಎಷ್ಟು ಹೊತ್ತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಂದ್ರ ಇವತ್ತೇ" ಎಂದಳು. "ಯಾಕ? ಪೆಟ್ಟಿಗಿ ಸಿಗಲಿಲ್ಲೇನ್ರಿ?"

ಭಾವ ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಎಂದಿದ್ದರೆ ಸಾಕಿತ್ತು. ಅಷ್ಟಕ್ಕೆ ಅವಳು ಜನ್ಮದಲ್ಲಿ ಮತ್ತೆ ಕೇಳುತ್ತಿರಲಿಲ್ಲ. ಸಿದ್ದೇಶ್ವರ ಬಾಯಿ ತೆರೆದ. ತಪ್ಪು ಲೆಕ್ಕದ ಮೇಲೆ ಅಕ್ಕನ ಮಗಳಿಗೆ ಒಂದು ಸುಳ್ಳನ್ನೂ ಕೊಡುವುದು ಅವನಿಂದಾಗಲಿಲ್ಲ.

"ಪೆಟ್ಟಿಗಿ ಇತ್ತು. ಆಮ್ರಪಾಲಿ ಸಿಸ್ಟರ್ ತರಿಸ್ರಿ ಅಂತ ಹೇಳಿದ್ರು. ನೀ ಇವತ್ತು ಮುಂಜಾನಿ ಏಳು ಇಪ್ಪತ್ತಕ್ಕ ಬರ್ತಿ ಅಂತ ನಾ ಹೇಳಿದೆ. ಫೋನ್ಯಾಗ ಹದಿನಾಲ್ಕು ತಾಸು ಐವತ್ತು ನಿಮಿಷ ಅಂತ ಇತ್ತು. ಭಾಗಿಸಿ ನೋಡಿದೆ, ತಾಳಿ ಆತು. ನಿನಗ ಕೇಳು ಅಂತ ನಿಮ್ಮಪ್ಪ ಹೇಳಿದ. ನಾ ಕೇಳಲಿಲ್ಲ. ನನ್ನ ಮಾತಿನ ಮ್ಯಾಲ ಕುಂದರ್ಸಿದ್ರು."

ಅಲ್ಲಿ ಯಾವುದೋ ಊರಿನ ವಿಮಾನಕ್ಕೆ ಮಂದಿಯನ್ನು ಕರೆಯುತ್ತಿದ್ದರು. ಆ ಕರೆ ಮುಗಿದು ಇನ್ನೊಂದು ಶುರುವಾಯಿತು.

"ಒಂದು ಫೋನ್ ಮಾಮಾ" ಎಂದಳು ಕೊನೆಗೆ. "ನಾ ರಸ್ತಾ ಬಾಜೂಕ ಗಾಡಿ ನಿಂದರ್ಸಿ ಹೇಳ್ತಿದ್ದೆ. ಒಂದೇ ಒಂದು ಫೋನ್."

"ಹೌದವ್ವಾ."

"ನಿಮಗ ಏನ್ ಅನ್ಬೇಕು ಈಗ ನನಗ ತಿಳೀವಲ್ದು. ಏನೂ ಅನ್ನಂಗಿಲ್ಲ. ಫೋನ್ ಅವ್ವನ ಮುಂದ ತಗೊಂಡು ಹೋಗ್ರಿ."

ಅವನು ಒಳಗೆ ಹೋಗಿ ಅಕ್ಕನ ಎದುರಿಗೆ ಕೂತ. ಮುಖಕ್ಕೆ ಸರಿಯಾಗಿ, ಒಂದು ಮೊಳ ದೂರದಲ್ಲಿ ಫೋನು ಹಿಡಿದ. ಭಜನೆಯವರು ದನಿ ತಗ್ಗಿಸಿದರು. ಹೆಣದ ಮುಂದೆ ಫೋನೇನು ಎಂದು ಮೂಲೆಯಲ್ಲಿ ಒಬ್ಬಿಬ್ಬರು ಗೊಣಗಿದರು. ಅವನು ತಿರುಗಿ ನೋಡಲಿಲ್ಲ. ಐಶ್ವರ್ಯಾ ಗಾಜಿನ ಆ ಕಡೆಯಿಂದ ತಾಯಿಯನ್ನು ನೋಡುತ್ತಲೇ ಇದ್ದಳು. ಒಮ್ಮೆ ಮಾತ್ರ, "ಮಾಮಾ, ಸ್ವಲ್ಪ ಎಡಕ್ಕ. ಅವ್ವನ ಮೂಗುತಿ ಕಾಣವಲ್ದು" ಎಂದಳು. ಅವನು ಎಡಕ್ಕೆ ಸರಿದ.

ಹೀಗೆ ಒಂದು ತಾಸಾಯಿತು, ಒಂದೂಕಾಲು ಆಯಿತು. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿದ. ನಾವು ಹಿಡಿಯುತ್ತೇವೆ ಕೊಡ್ರಿ ಎಂದವರಿಗೆ ಕೊಡಲಿಲ್ಲ. ತೋಳು ನಡುಗತೊಡಗಿ ಚಿತ್ರ ಅಲುಗಾಡತೊಡಗಿದಾಗ ಆಮ್ರಪಾಲಿ ಬಂದು ಪಕ್ಕದಲ್ಲಿ ಕೂತು, ಅವನ ಮೊಣಕೈಗೆ ಕೆಳಗಿನಿಂದ ತನ್ನ ಅಂಗೈ ಆನಿಸಿದಳು. ಅವನ ಫೋನಿನ ಬ್ಯಾಟರಿ ಮುಗಿಯುವತನಕ ಇಬ್ಬರೂ ಹಾಗೆಯೇ ಹಿಡಿದರು.

ಹನ್ನೆರಡೂವರೆಗೆ ಗುಂಡಮ್ಮನನ್ನು ಎತ್ತಿದರು. ಹೊಲದ ಮೂಡಣ ಬದುವಿನ ಹತ್ತಿರ, ತೊಗರಿ ಕೊಯ್ದ ಕೂಳೆಯ ನಡುವೆ ಗುಂಡಿ ತೋಡಿದ್ದರು. ಅದರೊಳಗೆ ಇಳಿದು ಅಕ್ಕನನ್ನು ಕೂಡಿಸಿದವರಲ್ಲಿ ಸಿದ್ದೇಶ್ವರನೂ ಒಬ್ಬ. ವಿಭೂತಿ, ಬಿಲ್ವಪತ್ರೆ, ಉಪ್ಪು ಹಾಕಿದರು. ಆಮೇಲೆ ಮಣ್ಣು.

ಐಶ್ವರ್ಯಾಳನ್ನು ಹೈದರಾಬಾದಿನಿಂದ ಕರೆತರಲು ಮುರ್ತುಜಾ ತಾನೇ ಕಾರು ತೆಗೆದುಕೊಂಡು ಹೋಗಿದ್ದ. ಅವಳು ಮನೆ ಮುಟ್ಟಿ, ತಂದೆಯ ತೊಡೆಯ ಮೇಲೆ ತಲೆಯಿಟ್ಟು ಬೆಳಗಿನವರೆಗೆ ಮಲಗಿದ್ದಳು. ಮಾಮಾನ ಹತ್ತಿರ ಒಂದು ಮಾತೂ ಆಡಲಿಲ್ಲ. ಗುರುವಾರ ಹೊತ್ತು ಹುಟ್ಟುತ್ತಲೇ ಎದ್ದು ಚಪ್ಪಲಿ ಮೆಟ್ಟಿ, "ಹೊಲಕ್ಕ ಹೋಗೂನ ನಡೀರಿ" ಎಂದಳು. ಹೇಳಿದ್ದು ಸಿದ್ದೇಶ್ವರನಿಗೆ.

ಇಬ್ಬರೂ ಬದುವಿನ ಮೇಲೆ ನಡೆದರು. ಇಬ್ಬನಿ ಬಹಳ ಬಿದ್ದಿತ್ತು. ಹೊಸ ಮಣ್ಣಿನ ಗುಪ್ಪೆಯ ಮೇಲೆ ನಿನ್ನೆಯ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಐಶ್ವರ್ಯಾ ಅದರ ಎದುರು ಕೂತು ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಊರಿದಳು. ಅವನು ನಾಲ್ಕು ಹೆಜ್ಜೆ ಹಿಂದೆ ನಿಂತ. ಕ್ಷಮಿಸು ಎನ್ನಲು ಒಂದು ಮಾತನ್ನು ಎರಡು ದಿನದಿಂದ ಜೋಡಿಸಿಟ್ಟುಕೊಂಡಿದ್ದ. ಆ ಮಾತು ಎಷ್ಟು ಸಣ್ಣದೆಂದು ಅಲ್ಲಿ ನಿಂತಾಗ ಕಂಡಿತು.

"ಮಾಮಾ" ಎಂದಳು ಅವಳು, ತಿರುಗದೆ. "ಅವ್ವ ಎಷ್ಟು ತಾಸು ಕುಂತಿದ್ಳು?"

ಇದಕ್ಕೆ ಅವನು ಫೋನು ನೋಡಬೇಕಾಗಿರಲಿಲ್ಲ, ಭಾಗಿಸಬೇಕಾಗಿಯೂ ಇರಲಿಲ್ಲ. ಭಾಲ್ಕಿಗೆ ಹೋಗಿ ಬಂದದ್ದೊಂದು ಬಿಟ್ಟರೆ ಉಳಿದಷ್ಟು ಹೊತ್ತೂ ಅವನು ಅಲ್ಲೇ ಇದ್ದ.

"ಇಪ್ಪತ್ತೆಂಟು ತಾಸು. ಮಂಗಳವಾರ ಎಂಟೂವರಿಗಿ ಕುಂದರ್ಸಿದ್ದು. ನಿನ್ನಿ ಹನ್ನೆರಡೂವರಿಗಿ ಎತ್ತಿದ್ದು."

"ಪೆಟ್ಟಿಗ್ಯಾಗ ಮಲಗಿಸಿದ್ರ ನಾ ಈಗ ಅವ್ವನ ಮಾರಿ ಮುಟ್ಟಿ ನೋಡ್ತಿದ್ದೆ. ಅದು ನೀವು ಕಳದ್ರಿ. ಅದು ನಾ ಮರಿಯಂಗಿಲ್ಲ ಮಾಮಾ, ಸುಳ್ಳ್ಯಾಕ ಹೇಳ್ಲಿ." ಮಣ್ಣಿನ ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿದಳು. "ಆದ್ರ ಸಿಂಗಾಪುರದಾಗ ಕುಂತು ಇಡೀ ದಿನ ಇದೇ ವಿಚಾರ ಮಾಡಿದೆ. ಪೆಟ್ಟಿಗ್ಯಾಗ ಆಗಿದ್ರ ಅವ್ವನ ಇಟ್ಟಿರ್ತಿದ್ರು, ಅಷ್ಟೇ. ಆಕಿ ಕುಂತಿದ್ಳು. ನಾ ಅಲ್ಲಿ ಕುರ್ಚಿ ಮ್ಯಾಲ ಕುಂತಾಗ ಇಲ್ಲಿ ಆಕೀನೂ ಕುಂತಿದ್ಳು. ಇಪ್ಪತ್ತೆಂಟು ತಾಸು ನನ್ನ ಹಾದಿ ನೋಡ್ಯಾಳ ನಮ್ಮವ್ವ."

ಸಿದ್ದೇಶ್ವರ ನಿಂತಲ್ಲೇ ಕೂಳೆಗಳ ನಡುವೆ ಕುಸಿದು ಕೂತ. ಮಂಗಳವಾರದಿಂದ ಅವನು ಅತ್ತಿರಲಿಲ್ಲ. ಮೊದಲು ಲೆಕ್ಕ ಮಾಡುವುದಿತ್ತು, ಆಮೇಲೆ ಲೆಕ್ಕ ತಪ್ಪಿದ್ದನ್ನು ಹೊರುವುದಿತ್ತು. ತನಗೆ ಮಗ್ಗಿ ಕಲಿಸಿದ ಅಕ್ಕ ಸತ್ತುಹೋದಳು ಎಂಬುದು ಅವನಿಗೆ ತಟ್ಟಿದ್ದು ಈಗ. ಮಕ್ಕಳ ಹಾಗೆ ದನಿ ತೆಗೆದು ಅತ್ತ. ಐಶ್ವರ್ಯಾ ಅವನನ್ನು ಸುಮ್ಮನಾಗಿಸಲು ಬರಲಿಲ್ಲ. ಸ್ವಲ್ಪ ಆಚೆ ಸರಿದು, ಮಣ್ಣಿನ ಹತ್ತಿರ ಅವನೂ ಕೂಡಲು ಜಾಗ ಮಾಡಿಕೊಟ್ಟಳು.